ಕಡಿದ ಬಳ್ಳಿ

ವೀಳ್ಯದೆಲೆಯ ಬಳ್ಳಿಯನ್ನು ಸುರುಳಿ ಸುತ್ತಿ ಮಣ್ಣಿಗಿಳಿಸುತ್ತಿದ್ದ ಹಮೀದುನ್ನೀಸಾ, ತೋಟದ ಬೇಲಿಗೆ ಬಂದು ನಿಂತ ಮರಿಯಮಬಿಯನ್ನು ಕಂಡೂ ತಲೆಯೆತ್ತಲಿಲ್ಲ. ಮೈದುನನ ಹೆಂಡತಿಯೊಡನೆ ಮಾತುಬಿಟ್ಟು ಹನ್ನೆರಡು ವರ್ಷವಾಗಿತ್ತು.

"ಅಕ್ಕಾ, ಅವರು ಇವತ್ತ ದಾಟೂದಿಲ್ಲ. ನಿಮ್ಮ ಮಾಫಿ ಇಲ್ದ ಜೀವಾ ಹೋಗವಲ್ದು."

ನೀರಿನ ಸರದಿಯ ಜಗಳದಲ್ಲಿ ಮೈದುನ ಶಹಾಬುದ್ದೀನ ಕುಡುಗೋಲು ಹಿಡಿದು ಈ ತೋಟದ ಬಳ್ಳಿಗಳನ್ನೆಲ್ಲ ಬುಡಕ್ಕೇ ಕಡಿದಿದ್ದ. ಮಕ್ಕಳಂತೆ ಸಾಕಿದ ಬಳ್ಳಿ ಬಾಡಿದ್ದನ್ನು ನೋಡಿ ಹಮೀದುನ್ನೀಸಾಳ ಗಂಡ ಮಲ್ಲಿಕಸಾಬ ಹಾಸಿಗೆ ಹಿಡಿದ, ತಿಂಗಳೊಳಗೆ ಮಣ್ಣಾದ. ಅಂದಿನಿಂದ ಪ್ರತಿ ನಮಾಜಿನಲ್ಲೂ ಅವಳು ಬೇಡಿದ್ದು ಒಂದೇ: ಮೈದುನ ದೋಜಖಿನಲ್ಲಿ, ಆ ನರಕದ ಬೆಂಕಿಯಲ್ಲಿ, ಎಂದೆಂದಿಗೂ ಸುಡಲಿ. ಮನುಷ್ಯರಿಗೆ ಮಾಡಿದ ಅನ್ಯಾಯವನ್ನು ಆ ಮನುಷ್ಯರೇ ಮಾಫ್ ಮಾಡದ ಹೊರತು ದೇವರೂ ಮಾಡುವುದಿಲ್ಲವೆಂದು ಸವಣೂರಿನ ಮೌಲ್ವಿಗಳು ಹೇಳಿದ್ದರು. ಆ ಮಾತನ್ನು ಆಕೆ ಗಟ್ಟಿಯಾಗಿ ಸೆರಗಿಗೆ ಕಟ್ಟಿಕೊಂಡಿದ್ದಳು.

ಕಿತ್ತಿಟ್ಟ ನಾಲ್ಕು ಎಲೆ ಕೈಯಲ್ಲಿದ್ದಂತೆಯೇ ಎದ್ದು ಹೊರಟಳು. ಮಾಫಿ ಕೊಡುವುದಕ್ಕಲ್ಲ, ಸುಳ್ಳೇಕೆ? ಕೊಡುವುದಿಲ್ಲವೆಂದು ಮುಖದ ಮೇಲೆಯೇ ಹೇಳಿಬರಬೇಕಿತ್ತು.

ಶಹಾಬುದ್ದೀನ ಕೌದಿಯೊಳಗೆ ಮುದುಡಿ ಹಿಡಿಯಷ್ಟಾಗಿದ್ದ. ಗುರುತು ಹಿಡಿಯಲು ಅವನಿಗೆ ತುಸು ಹೊತ್ತು ಬೇಕಾಯಿತು. ತುಟಿ ಒಣಗಿ ಬಿರಿದಿದ್ದವು.

"ಭಾಬಿ," ಎಂದ, "ದೋಜಖಿನ್ಯಾಗ ಎಷ್ಟು ದಿವಸ ಸುಡ್ತಾರ?"

ಕೊನೆಯೇ ಇಲ್ಲ ಎಂಬ ಉತ್ತರ ಹನ್ನೆರಡು ವರ್ಷದಿಂದ ಅವಳ ನಾಲಿಗೆಯ ತುದಿಯಲ್ಲಿಯೇ ಇತ್ತು. ಈಗ ಹೊರಡಲಿಲ್ಲ. ಇವನು ಕಡಿದೊಗೆದ ತುಂಡುಗಳನ್ನೇ ಅವಳು ಅಳುತ್ತ ಮಣ್ಣಿಗೂರಿದ್ದಳು. ಮೂರನೆಯ ವರ್ಷಕ್ಕೆ ತೋಟ ಮೊದಲಿನಂತೆ ಹಬ್ಬಿತು. ಗಂಡ ಮಾತ್ರ ತಿರುಗಿ ಬರಲಿಲ್ಲ. ಅದಕ್ಕೆ ಶಿಕ್ಷೆ ಬೇಡವೇ? ಬೇಕು, ಬೇಕೇ ಬೇಕು. ಆದರೆ ಕೊನೆಯಿಲ್ಲದೆ ಸುಡಬೇಕೆಂದರೆ ಸುಡುವವನಿಗೆ ಕೊನೆಯಿಲ್ಲದ ಸಿಟ್ಟೂ ಬೇಕಲ್ಲ. ಗಂಡನನ್ನು ಕಳೆದುಕೊಂಡ ತನಗೇ ಹನ್ನೆರಡು ವರ್ಷಕ್ಕೆ ಸಾಕಾಗಿಹೋಗಿತ್ತು. ಹಾಗೆಂದು ಹೊಳೆದದ್ದೇ ಅವಳಿಗೆ ಮಲ್ಲಿಕಸಾಬನನ್ನು ನೆನೆದು ದುಃಖ ಉಕ್ಕಿಬಂತು, ಅವನಿಗೆ ದ್ರೋಹ ಮಾಡಿದೆನೇನೋ ಎಂದು ಹೆದರಿಕೆಯಾಯಿತು.

ಮರಿಯಮಬಿ ಬಾಗಿಲಲ್ಲಿ ನಿಂತಿದ್ದಳು.

"ನಿಮ್ಮಣ್ಣನ್ನ ನಾ ಮರಿಯೂದಿಲ್ಲ," ಎಂದಳು ಹಮೀದುನ್ನೀಸಾ. "ಆದ್ರ ಹನ್ನೆರಡು ವರ್ಷಾತು. ಸಾಕು."

ಕೈಯಲ್ಲಿದ್ದ ಎಲೆಯೊಂದನ್ನು ಮಡಿಚಿ, ಬಟ್ಟಲಿನಿಂದ ನೀರೆತ್ತಿ ಅವನ ತುಟಿಗೆ ಹಿಡಿದಳು. ಮೊದಲ ಗುಟುಕು ಗದ್ದದ ಮೇಲೆ ಹರಿದುಹೋಯಿತು. ಅವಳು ಮತ್ತೆ ಎಲೆಯನ್ನು ಬಟ್ಟಲಿಗೆ ಅದ್ದಿದಳು.