ಸ್ಟೇಡಿಯಂ ಎದುರಿನ ಮದುವೆ

ಕಮಲಾಪುರದಿಂದ ಹೊರಟ ಮದುವೆ ದಿಬ್ಬಣದ ಎರಡು ಟೆಂಪೊಗಳನ್ನು ಪೊಲೀಸರು ಕಲಬುರಗಿಯ ರಿಂಗ್ ರೋಡಿನಲ್ಲೇ ತಡೆದರು. ಹೊಸ ಸ್ಟೇಡಿಯಂನಲ್ಲಿ ಅಂದು ಮೊದಲ ದೊಡ್ಡ ಕ್ರಿಕೆಟ್ ಪಂದ್ಯ. ಪಾಸ್ ಅಂಟಿಸಿಕೊಂಡ ಕಾರುಗಳಿಗೆ ಮಾತ್ರ ಮುಂದಕ್ಕೆ ದಾರಿ.

ಮದುಮಗಳು ಮಲ್ಲಿಕಾ ಮುಂದಿನ ಸೀಟಿನಲ್ಲಿ ಬಿಳಿ ಸೀರೆಯುಟ್ಟು ಕೂತಿದ್ದಳು. ಅವಳು ಕಮಲಾಪುರದ ಬಸ್ಸಿನಲ್ಲಿ ಕಂಡಕ್ಟರ್. ಗದ್ದಲಕ್ಕೆ ಹೆದರುವವಳಲ್ಲ. ಮದುವೆ ಗೊತ್ತಾಗಿದ್ದ ಸಮುದಾಯ ಭವನ ಸ್ಟೇಡಿಯಂ ಗೇಟಿನ ಎದುರಿಗೇ ಇತ್ತು. ಸ್ಟೇಡಿಯಂ ಏಳುವುದಕ್ಕೆ ಎಷ್ಟೋ ಮುಂಚೆ ಓಣಿಯವರೆಲ್ಲ ಸೇರಿ ಕಟ್ಟಿಸಿದ ಭವನ ಅದು. ಹಿಂದಿನ ವಾರ ಅಲ್ಲಿಂದ ಫೋನ್ ಬಂದಿತ್ತು: ಅಂಗಳ ಪಾರ್ಕಿಂಗಿಗೆ ಬೇಕಂತೆ, ಮದುವೆ ಮುಂದೆ ಹಾಕಿರಿ. ಅಪ್ಪ ಪ್ರೇಮಕುಮಾರ ಹೂಂ ಅನ್ನುವಷ್ಟರಲ್ಲಿ ಮಲ್ಲಿಕಾ ಫೋನ್ ಕಸಿದುಕೊಂಡಿದ್ದಳು. "ಮ್ಯಾಚ್ ಮುಂದ ಹಾಕಂತ ಅವರಿಗಿ ಹೇಳ್ರಿ. ಭವನ ನಾವು ಮೊದಲ ಬುಕ್ ಮಾಡೀವಿ."

ಈಗ ಬ್ಯಾರಿಕೇಡ್ ಹತ್ತಿರ ಸಬ್ ಇನ್ಸ್‌ಪೆಕ್ಟರ್ ಅಡ್ಡ ಬಂದರು. "ಗಾಡಿ ಬಿಡಾಕ ಬರಂಗಿಲ್ಲಮ್ಮ. ಆರ್ಡರ್ ಅದ."

"ಗಾಡಿ ಬ್ಯಾಡ್ರಿ ಸಾಹೇಬ್ರ. ಕಾಲಿಗೆ ಆರ್ಡರ್ ಇಲ್ಲಲ್ಲ?" ಮಲ್ಲಿಕಾ ಸೆರಗು ಸೊಂಟಕ್ಕೆ ಸಿಗಿಸಿ ಕೆಳಗಿಳಿದಳು. ದಿಬ್ಬಣವೂ ಇಳಿಯಿತು. ಪಾತ್ರೆ, ಹೂವು, ಬುಂದೆಯ ಬುಟ್ಟಿ ಎಲ್ಲ ತಲೆ ಮೇಲೇರಿದವು.

ತೊಡಕಾದದ್ದು ಅಜ್ಜಿ ಹಣಮಮ್ಮನದು. ಮೊಣಕಾಲು ನೋವಿನ ಮುದುಕಿ ಅಷ್ಟು ದೂರ ಬಿಸಿಲಲ್ಲಿ ನಡೆಯುವಂತಿರಲಿಲ್ಲ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಕೂತಿದ್ದ ಆಟೋದವನೊಬ್ಬ, ಸರ್ಫರಾಜ್ ಅಂತ ಹೆಸರು, ಇದನ್ನೆಲ್ಲ ನೋಡುತ್ತಿದ್ದ. "ಆಯಿನ ಇದರಾಗ ಕೂಡಸ್ರಿ," ಎಂದ.

"ಏಯ್, ಆಟೋ ಬಿಡಂಗಿಲ್ಲ!" ಎಂದು ಪೇದೆ ಓಡಿ ಬಂದ.

"ಎಂಜಿನ್ ಬಂದ್ ಅದರೀ," ಎಂದ ಸರ್ಫರಾಜ್, ಕೀಲಿ ತೆಗೆದು ಜೇಬಿಗಿಟ್ಟುಕೊಳ್ಳುತ್ತ. "ನಾವು ಆಯಿನ ದಬ್ಬಕೋತ ಹೊಂಟೀವಿ. ಅಷ್ಟ."

ಸುತ್ತಲಿದ್ದವರು ನಕ್ಕರು. ಮ್ಯಾಚಿಗೆ ಹೊರಟಿದ್ದ ಹುಡುಗರೂ ಕೈ ಹಚ್ಚಿ ಆಟೋ ದಬ್ಬಿದರು. ಹಿಂದಿನಿಂದ ಕಾರುಗಳು ಒಂದೇ ಸಮನೆ ಹಾರ್ನ್ ಹೊಡೆದವು. ಮಲ್ಲಿಕಾ ಪಕ್ಕಕ್ಕೆ ಸರಿಯಲಿಲ್ಲ, ರಸ್ತೆಯ ನಡುವೆಯೇ ನಡೆದಳು.

ಭವನದ ಮುಂದೆ ಬಂದರೆ ಅಂಗಳದ ತುಂಬ ಕಾರು. ಗೇಟಿಗೆ ಅಡ್ಡವಾಗಿಯೂ ಮೂರು ನಿಂತಿದ್ದವು. ಮುಂಚೆಯೇ ಬಂದಿದ್ದ ಮದುಮಗ ಗೌತಮ ಮತ್ತು ಅವನ ಕಡೆಯವರು ಒಳಗೆ ಸಿಕ್ಕಿಬಿದ್ದಿದ್ದರು. ಗೌತಮ ಕಾರುಗಳ ಸಂದಿಯಲ್ಲಿ ನುಸುಳಿ ಹೊರಗೆ ಬಂದ. ಅಂಗಿಯ ತುಂಬ ಧೂಳು.

"ಹಿಂದ ಒಂದು ಸಣ್ಣ ಬಾಗಿಲದ. ಹಾದು ಹೋಗೋಣು?" ಎಂದ.

"ನಮ್ಮ ಮದುವಿಗಿ ನಾವ್ಯಾಕ ಕಳ್ಳರಂಗ ಹೋಗಬೇಕು?" ಮಲ್ಲಿಕಾಳ ಕಣ್ಣಲ್ಲಿ ನೀರಾಡಿತು. ಆದರೆ ದನಿ ನಡುಗಲಿಲ್ಲ. "ಜಮಖಾನ ಹೊರಗ ತರಸು. ಇಲ್ಲೇ ಆಗಲಿ."

ಗೌತಮ ತಾನೇ ಹೋಗಿ ಜಮಖಾನ ಹೊತ್ತು ತಂದು ಗೇಟಿನ ಮುಂದೆ ರಸ್ತೆಯಲ್ಲಿ ಹಾಸಿದ. ಬುದ್ಧನ ಮೂರ್ತಿ, ಬಾಬಾಸಾಹೇಬರ ಫೋಟೊ ಬಂದವು. ಮದುವೆ ಮಾಡಿಸಬೇಕಿದ್ದ ಬೌದ್ಧ ಭಿಕ್ಷು ಭಂತೇಜಿಯೂ ಬಂದು ಕೂತರು. ಪಂಚಶೀಲ ಹೇಳುವಾಗ ಸ್ಟೇಡಿಯಂ ಒಳಗಿಂದ ದೊಡ್ಡ ಕೂಗೆದ್ದು ಭಂತೇಜಿಯ ದನಿ ಮುಚ್ಚಿತು. ದಿಬ್ಬಣದವರು ಇನ್ನೂ ಗಟ್ಟಿಯಾಗಿ ಹೇಳಿದರು. ಮಾಲೆ ಬದಲಾದವು. ಹಣಮಮ್ಮ ಆಟೋದಲ್ಲಿ ಕೂತೇ ಅಕ್ಕಿ ಬದಲು ಹೂವಿನ ಎಸಳು ಎರಚಿದಳು.

ಮ್ಯಾಚ್ ಬೇಗ ಮುಗಿಯಿತು. ಪಾಸಿನವರು ಬಂದು ನೋಡಿದರೆ ರಸ್ತೆಯ ತುಂಬ ಊಟದ ಪಂಕ್ತಿ. ತಂಪು ಕನ್ನಡಕ ಹಾಕಿದ್ದವನೊಬ್ಬ ಕೂಗಾಡಿದ. "ಏಳ್ರಿ ಏಳ್ರಿ, ನಂಗ ಅರ್ಜೆಂಟ್ ಅದ!"

"ಉಣ್ಣಾಕ ಕೂತವರನ್ನ ಎಬ್ಬಿಸಂಗಿಲ್ರಿ," ಎಂದಳು ಮಲ್ಲಿಕಾ, ಕೈಯಲ್ಲಿ ಬದನೆಕಾಯಿ ಪಲ್ಯದ ಸೌಟು ಹಿಡಿದೇ. "ನೀವೂ ಕೂಡ್ರಿ. ಇಲ್ಲಾಂದ್ರ ನಿಂದ್ರಿ."

ಸಬ್ ಇನ್ಸ್‌ಪೆಕ್ಟರ್ ಬಂದರು. ರಸ್ತೆ ತೆರವು ಮಾಡದಿದ್ದರೆ ಕೇಸ್ ಹಾಕುವೆ ಎಂದರು.

"ಹಾಕ್ರಿ. ಆದ್ರ ಗೇಟಿನ ಮುಂದ ಈ ಗಾಡಿ ನಿಂದ್ರಸಾಕ ಹೇಳಿದವರು ಯಾರು? ಅವರ ಮ್ಯಾಲೂ ಹಾಕ್ರಿ."

ಸಬ್ ಇನ್ಸ್‌ಪೆಕ್ಟರ್ ಟೋಪಿ ತೆಗೆದು ಬೆವರು ಒರೆಸಿಕೊಂಡರು. ಕೊನೆಯ ಪಂಕ್ತಿ ಏಳುವತನಕ ಒಂದು ಕಾರೂ ಕದಲಲಿಲ್ಲ. ಕಾರಿನವರಲ್ಲಿ ಕೆಲವರು ಊಟಕ್ಕೂ ಕೂತರು. ತಂಪು ಕನ್ನಡಕದವನು ಕೂರಲಿಲ್ಲ, ಬಿಸಿಲಲ್ಲೇ ನಿಂತಿದ್ದ.

ಸಂಚಾರಕ್ಕೆ ಅಡ್ಡಿ ಮಾಡಿದ್ದಕ್ಕೆ ಮದುಮಕ್ಕಳಿಬ್ಬರ ಮೇಲೂ ಕೇಸಾಯಿತು. ಆದರೆ ರಸ್ತೆ ಮದುವೆಯ ವಿಡಿಯೋ ಊರೆಲ್ಲ ಹರಿದಾಡಿ, ಓಣಿಯವರೂ ಎದ್ದರು. ಮುಂದಿನ ಪಂದ್ಯಕ್ಕೆ ಕಾರುಗಳನ್ನು ರಿಂಗ್ ರೋಡಿನ ಬಯಲಲ್ಲೇ ನಿಲ್ಲಿಸಿ, ಅಲ್ಲಿಂದ ಬಸ್ ಬಿಟ್ಟರು. ಅಂದು ಭವನದಲ್ಲಿ ಬೇರೆ ಯಾರದೋ ಮದುವೆ ಇತ್ತು. ಗೇಟು ಖಾಲಿ ಇತ್ತು.

ಕೇಸು ಮಾತ್ರ ನಡೆದೇ ಇದೆ. ಮೊನ್ನೆ ಕೋರ್ಟಿನ ವರಾಂಡದಲ್ಲಿ ವಕೀಲರು, "ತಪ್ಪಾಯ್ತು ಅಂದ್ರ ಇವತ್ತೇ ಮುಗೀತದ," ಎಂದರು. ಪ್ರೇಮಕುಮಾರ ಆಸೆಯಿಂದ ಮಗಳ ಕಡೆ ನೋಡಿದ.

"ತಪ್ಪಾಗಿಲ್ಲಪ್ಪ," ಎಂದಳು ಮಲ್ಲಿಕಾ. "ಮುಂದಿನ ತಾರೀಕಿಗಿ ರಜಾ ಹಾಕ್ತೀನಿ."

ಗೌತಮ ಚಹಾ ತರಲು ಹೋದ.