ಪನಾಮಾದಲ್ಲಿ ನಿಂತ ಸಾಲು

ತಂಗಿ ಮಾರ್ಬೆಲಿಸಳ ಮದುವೆಗೆ ಲೀಮಾ ವಿಮಾನ ಹಿಡಿಯಲು ಪನಾಮಾದಲ್ಲಿ ಇಳಿದವಳು, ಆ ನಿಲ್ದಾಣವನ್ನು ನೋಡುತ್ತ ಮೈಮರೆತೆ. ಗಾಜಿನಾಚೆ ಕಣ್ಣು ಹರಿದಷ್ಟೂ ವಿಮಾನಗಳು. ಒಳಗೆ ಹತ್ತಾರು ದೇಶಗಳ ಜನ ಹೊಳೆಯಂತೆ ಹರಿಯುತ್ತಿದ್ದರು. ಹೊತ್ತಾಯಿತೆಂಬ ಅರಿವಾದಾಗ ಗಾಬರಿಯಿಂದ ಎದುರಿಗಿದ್ದ ಸಾಲಿಗೆ ಸೇರಿದೆ. ಅಕ್ಕಿ, ಎಣ್ಣೆಗೂ ಸಾಲು ನಿಂತು ಬದುಕಿದ ವೆನೆಜುವೆಲಾದವರು ನಾವು, ಸಾಲು ಕಂಡರೆ ಮೊದಲು ನಿಂತು, ಏತಕ್ಕೆಂದು ಆಮೇಲೆ ಕೇಳುತ್ತೇವೆ.

“ಅಜ್ಜಿ, ಇದು ಲೀಮಾಕ್ಕಾ?” ಮುಂದಿದ್ದ ಮುದುಕಿಯನ್ನು ಕೇಳಿದೆ.

“ಕಾಫಿಗೆ ಕಣೇ ಮಗಳೇ! ಕಾಫಿ ಕುಡಿದ್ರೆ ಲೀಮಾ ಬರುತ್ತಾ? ಆ ಕೊನೇ ಬಾಗಿಲು, ಓಡು!”

ಓಡಿದೆ. ಕೊನೆಯವಳಾಗಿ ಹತ್ತಿದೆ. ವಿಮಾನ ಮೇಲೇರಿದಾಗ ಪನಾಮಾ ಕಾಲುವೆಯ ಬಾಯಲ್ಲಿ ಸರದಿಗೆ ಕಾದು ನಿಂತಿದ್ದ ಭಾರೀ ಹಡಗುಗಳು ಅಕ್ಕಿಕಾಳಿನಷ್ಟಾದವು; ಉಸಿರು ಬಿಡುವುದನ್ನೂ ಮರೆತು ನೋಡಿದೆ. ಕಾಫಿಯ ವಿಷಯ ತಿಳಿದರೆ ಮಾರ್ಬೆಲಿಸ್ ಇಡೀ ಮದುವೆಮನೆಯನ್ನೇ ನಗಿಸುತ್ತಾಳೆ. ಯಾರಿಗೂ ಹೇಳಬಾರದೆಂದು ನಿಶ್ಚಯಿಸಿದೆ.