ಉಸಿರಮ್ಮ ಆರಿಸಿದ ಮೀನು

ಎದುರಿಗೆ ಕುಳಿತವರ ಉಸಿರನ್ನು ಎಣಿಸುವುದು ಅವಳ ಅಭ್ಯಾಸ. ಮಾತನಾಡುವಾಗ ಅವಳ ದೃಷ್ಟಿ ನಮ್ಮ ಮುಖದ ಮೇಲಿದ್ದಂತೆ ತೋರಿದರೂ ನಿಜವಾಗಿ ಕೊರಳ ಬುಡದ ಕುಳಿಯಲ್ಲಿ ನೆಟ್ಟಿರುತ್ತದೆ. ಎಡಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಜಾರುತ್ತಿರುತ್ತದೆ. ಬ್ಯಾಂಕಿನ ಸರತಿಯಲ್ಲಿ, ಹಲ್ಲಿನ ವೈದ್ಯರ ಹಜಾರದಲ್ಲಿ, ಬಸ್ಸಿನೊಳಗೆ ತೂಕಡಿಸುವ ಅಪರಿಚಿತನ ಪಕ್ಕದಲ್ಲಿ, ಎಲ್ಲೆಡೆ ಈ ಲೆಕ್ಕ ನಡೆಯುತ್ತದೆ. ಒಮ್ಮೆ ನನ್ನ ಮಾತನ್ನು ಅರ್ಧಕ್ಕೇ ತಡೆದು, "ಅಕ್ಕಾ, ನೀವು ಮೆಟ್ಟಿಲು ಹತ್ತಿ ಬಂದು ಹತ್ತು ನಿಮಿಷ ಆಯ್ತು. ಇನ್ನೂ ನಿಮಿಷಕ್ಕೆ ಇಪ್ಪತ್ತಾರು ಉಸಿರು. ನಾಳೇನೇ ಎದೆ ತೋರಿಸ್ಕೊಳ್ಳಿ," ಎಂದಳು. ತೋರಿಸಿಕೊಂಡೆ. ತೋರಿಸಿಕೊಂಡದ್ದು ಒಳ್ಳೆಯದಾಯಿತು. ಆ ಕಥೆ ಇಲ್ಲಿ ಬೇಡ.

ನಾನು ಶಸ್ತ್ರವೈದ್ಯೆ, ಅವಳು ಅರಿವಳಿಕೆ ಕೊಡುವವಳು. ಇಪ್ಪತ್ತೊಂಬತ್ತು ವರ್ಷ ಒಂದೇ ಮೇಜಿನ ಬಳಿ ನಿಂತೆವು. ನಾನು ರೋಗಿಯ ಹೊಟ್ಟೆಯ ಹತ್ತಿರ, ಅವಳು ತಲೆಯ ಹತ್ತಿರ. ನರ್ಸುಗಳು ಅವಳಿಗೆ ಉಸಿರಮ್ಮ ಎಂದು ಹೆಸರಿಟ್ಟಿದ್ದರು. ನನಗೂ ಏನೋ ಒಂದನ್ನು ಇಟ್ಟಿದ್ದರಂತೆ. ಅದನ್ನು ನನ್ನೆದುರು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಥಿಯೇಟರಿನಲ್ಲಿ ಕ್ರಿಮಿಶುದ್ಧ ಮಾಡಿದ ಹಸಿರು ಬಟ್ಟೆಗೆ ಮೈ ತಾಗಬಾರದೆಂದು ಕೈಗಳನ್ನು ಎದೆಗೆ ಕಟ್ಟಿಕೊಂಡು ಅಡ್ಡಡ್ಡ ಹೆಜ್ಜೆಯಿಡುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ ಇಂದಿಗೂ ತನ್ನ ಮನೆಯ ಸೋಫಾ ಮತ್ತು ಊಟದ ಮೇಜಿನ ನಡುವೆ ಹಾಗೆಯೇ ಸಾಗುತ್ತಾಳೆ, ಅವೆರಡೂ ಈಗಷ್ಟೇ ಕೈ ತೊಳೆದುಕೊಂಡು ನಿಂತಿವೆಯೋ ಎಂಬಂತೆ. ಆ ಕೋಣೆಯ ಚಳಿಗೆಂದು ಹಾಕಿಕೊಳ್ಳುತ್ತಿದ್ದ ಬೂದುಬಣ್ಣದ ಸ್ವೆಟರನ್ನು ಬೇಸಿಗೆಯಲ್ಲೂ ಬಿಟ್ಟಿಲ್ಲ. ಅದರ ಎಡಜೇಬು ಮೊಣಕಾಲಿನವರೆಗೆ ಜೋತುಬಿದ್ದಿದೆ. ಒಳಗೆ ಏನಿದೆ ಎಂದು ಕೇಳಿದರೆ ಪ್ರತಿಸಲವೂ ಬೇರೆ ಉತ್ತರ. ಅವಳ ಬಾಯಿಂದ ಅತಿ ಹೆಚ್ಚು ಬಾರಿ ಹೊರಟ ಮಾತು "ಈಗ ಬೇಡ". ಚಾಕು ಹಿಡಿದು ನಿಂತವಳಿಗೆ ಈ ಎರಡು ಶಬ್ದಗಳಷ್ಟು ರೇಗಿಸುವಂಥದ್ದು ಮತ್ತೊಂದಿಲ್ಲ. ಒಂದು ದಿನ ಪಿತ್ತಕೋಶವನ್ನು ಎಳೆದು ಹಿಡಿದಿದ್ದೆ. "ಮೇಡಂ, ಕೈ ತೆಗೀರಿ," ಎಂದಳು. ಯಂತ್ರ ಇನ್ನೂ ಕೂಗಿರಲಿಲ್ಲ. ಎರಡು ಎದೆಬಡಿತಗಳ ನಡುವಿನ ಅಂತರ ಹಿಗ್ಗಿದ್ದನ್ನು ಅವಳ ಕಿವಿ ಮೊದಲೇ ಹಿಡಿದಿತ್ತು. ಕೈ ತೆಗೆದೆ, ಆಮೇಲೆ ಯಂತ್ರ ಕೂಗಿತು, ಬಡಿತ ಮತ್ತೆ ಸರಿಯಾದ ಮೇಲೆ "ಈಗ ಮುಂದುವರಿಸಿ," ಎಂಬ ಅನುಮತಿ ಬಂತು. ರೋಗಿಯ ಮನೆಯವರು ಕಣ್ಣೀರಿಟ್ಟು ಕೈ ಮುಗಿದದ್ದು ನನಗೆ. ಅವಳು ಆಗ ಪಕ್ಕದ ಕೋಣೆಯಲ್ಲಿ ಮುಂದಿನವನನ್ನು ಮಲಗಿಸುತ್ತಿದ್ದಳು.

ನಿವೃತ್ತಳಾದ ಮೇಲೆ ಅವಳು ಮುಂಗೋಣೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಳು. ಒಬ್ಬ ಆಳು ಮಲಗಬಹುದಾದಷ್ಟು ಉದ್ದದ ಗಾಜಿನ ತೊಟ್ಟಿ, ತಳದಲ್ಲಿ ನಾಲ್ಕು ಬೆರಳು ದಪ್ಪ ನುಣ್ಣನೆಯ ಮರಳು, ಅದರ ಮೇಲೆ ಕಲ್ಲಿನ ದಿಬ್ಬ, ದಿಬ್ಬದ ಮೇಲೆ ಜೀವಂತ ಹವಳಗಳು. ಒಂದು ಮೂಲೆಯ ಬಿಲದಲ್ಲಿ ಅವಳ ಪ್ರೀತಿಯ ಜೋಡಿ ವಾಸವಾಗಿತ್ತು: ಬೆರಳುದ್ದದ ಒಂದು ಕಾವಲು ಮೀನು, ಅದರ ಜೊತೆಗೊಂದು ಸೀಗಡಿ. ಸೀಗಡಿಗೆ ಕಣ್ಣು ಹೆಚ್ಚುಕಡಿಮೆ ಕಾಣದು. ಅದು ದಿನವಿಡೀ ಬಿಲ ತೋಡುತ್ತದೆ, ಮರಳು ಹೊರಹಾಕುತ್ತದೆ. ಹೊರಬಂದಾಗಲೆಲ್ಲ ತನ್ನ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡಿರುತ್ತದೆ. ಅಪಾಯ ಕಂಡರೆ ಮೀನು ಬಾಲ ಅದುರಿಸುತ್ತದೆ, ಇಬ್ಬರೂ ಒಳಗೆ.

"ನಮ್ಮಿಬ್ಬರ ಹಾಗೇನೇ ಅಕ್ಕಾ," ಎಂದಿದ್ದಳು ಒಮ್ಮೆ. "ಅಗೆಯೋದು ನೀವು, ಕಾಯೋದು ನಾನು."

"ಅಂದ್ರೆ ಕಣ್ಣು ಕಾಣದೇ ಇರೋಳು ನಾನು ಅಂತಾಯ್ತು."

"ನಾನು ಹಾಗೆ ಹೇಳಲಿಲ್ಲ," ಎಂದಳು. ಹೇಳಿರಲಿಲ್ಲ, ನಿಜ.

ಆ ಮಾತನ್ನು ಸಾಧಿಸಿ ತೋರಿಸಿದವಳು ನಾನೇ. ಅವಳ ಹುಟ್ಟುಹಬ್ಬಕ್ಕೆ ಅಂಗಡಿಗೆ ಹೋಗಿ, ಕಣ್ಣಿಗೆ ಚೆಂದ ಕಂಡಿತೆಂಬ ಒಂದೇ ಕಾರಣಕ್ಕೆ, ಒಂದು ರ‍್ಯಾಸ್ ಮೀನನ್ನು ತಂದೆ. ರ‍್ಯಾಸ್ ಎಂಬುದು ಹವಳಗಳ ನಡುವೆ ಬಾಳುವ ದೊಡ್ಡ ಕುಟುಂಬ. ಅದರಲ್ಲಿ ಸಾಧುಗಳೂ ಇದ್ದಾರೆ, ಪುಂಡರೂ ಇದ್ದಾರೆ. ನಾನು ತಂದದ್ದು ಕಿರುಬೆರಳಿನಷ್ಟಿತ್ತು, ನೇರಳೆ ಮೈಮೇಲೆ ಕಿತ್ತಳೆಯ ಆರು ಗೆರೆ. ಮೂರು ವಾರ ಅದರ ನಡತೆ ಹೊಸ ಅಳಿಯನಂತಿತ್ತು. ಹವಳಕ್ಕೆ ಅಂಟುವ ಚಪ್ಪಟೆ ಹುಳುಗಳನ್ನು ಹೆಕ್ಕಿ ತಿಂದು ಉಪಕಾರವನ್ನೂ ಮಾಡಿತು. ನಾಲ್ಕನೆಯ ವಾರ ತೊಟ್ಟಿಯೆಲ್ಲ ತನ್ನದೆಂದು ತೀರ್ಮಾನಿಸಿ ಕಾವಲು ಮೀನಿನ ಮೇಲೆ ಬಿತ್ತು. ಕಲ್ಲಿನ ದಿಬ್ಬವನ್ನೆಲ್ಲ ಬಿಚ್ಚಿ ಅದನ್ನು ಹಿಡಿದು ಅಂಗಡಿಗೆ ಮರಳಿಸುವಷ್ಟರಲ್ಲಿ ಕಾವಲುಗಾರನ ಎಡಗಣ್ಣು ಹೋಗಿತ್ತು. ಅವಳು ನನ್ನನ್ನು ಬೈಯದೆ ಕಲ್ಲುಗಳನ್ನು ಮತ್ತೆ ಜೋಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಪುಂಡ ಹೋದ ಮೇಲೆ ಹುಳುಗಳು ಹೆಚ್ಚಿದವು. ಅವುಗಳದೇ ತುಕ್ಕಿನ ಬಣ್ಣದ ಪದರವೊಂದು ಹವಳಗಳ ಮೇಲೆ ಹಬ್ಬತೊಡಗಿತು, ಅರಳಿಕೊಂಡಿದ್ದವು ಮುದುಡಿದವು. ಔಷಧಿ ಸುರಿದರೆ ಸತ್ತ ಹುಳುಗಳ ವಿಷವೇ ನೀರಿಗಿಳಿದು ಎಲ್ಲರನ್ನೂ ಕೊಲ್ಲಬಹುದೆಂದಳು. ಹುಳು ತಿನ್ನಲು ಇನ್ನೊಂದು ರ‍್ಯಾಸ್ ಬೇಕೇ ಬೇಕು. ಅದು ಎರಡನೆಯ ಪುಂಡನಾದರೆ ಉಳಿದ ಒಂದು ಕಣ್ಣೂ ಹೋಗಿ, ಆ ಕಣ್ಣನ್ನೇ ನಂಬಿಕೊಂಡ ಸೀಗಡಿಯೂ ಹೋಗುತ್ತದೆ. ಹೀಗಾಗಿ ಆಯ್ಕೆಯನ್ನು ಅವಳೇ ಮಾಡಿದಳು. ಅದಕ್ಕೆ ಏಳು ವಾರ ಹಿಡಿಯಿತು.

ಪ್ರತಿ ಬುಧವಾರ ಬೆಳಿಗ್ಗೆ ಅಂಗಡಿಯ ತೊಟ್ಟಿಗಳೆದುರು ಪ್ಲಾಸ್ಟಿಕ್ ಸ್ಟೂಲ್ ಹಾಕಿಸಿಕೊಂಡು ಕೂರುತ್ತಿದ್ದಳು, ಬೆನ್ನು ನೆಟ್ಟಗೆ, ಹೆಬ್ಬೆರಳು ಗೆಣ್ಣಿನ ಮೇಲೆ. ಕಿವಿರಿನ ಬಡಿತ ಎಣಿಸುತ್ತಿದ್ದಳು. ಜೋತುಬಿದ್ದ ಜೇಬಿನಿಂದ ಪುಟ್ಟ ಕನ್ನಡಿಯೊಂದು ಹೊರಬಂದು ಗಾಜಿಗೆ ಒತ್ತಿಕೊಳ್ಳುತ್ತಿತ್ತು. ತನ್ನ ಬಿಂಬದ ಮೇಲೆಯೇ ಏರಿಹೋದ ಮೀನು ಆ ಕ್ಷಣಕ್ಕೇ ಅನುತ್ತೀರ್ಣ. ಕಾಳು ಹಾಕಿದಾಗ ತನ್ನ ಪಾಲು ತಿಂದು ಮುಂದೆ ಸಾಗುವುದು ಯಾವುದು, ಪಕ್ಕದವನ ಬಾಯಿಂದ ಕಸಿಯುವುದು ಯಾವುದು ಎಂದು ನೋಡುತ್ತಿದ್ದಳು. ಚಿರತೆಯಂತೆ ಚುಕ್ಕೆಯಿದ್ದ ಒಂದು ನನಗೆ ಬಹಳ ಹಿಡಿಸಿತು. ಸ್ವಭಾವದಲ್ಲಿ ಅದು ಕರುವಿನಷ್ಟು ಸಾಧುವೆಂದು ಅಂಗಡಿಯವನೂ ಆಣೆ ಮಾಡಿದ. "ಸಾಧು ಹೌದು, ಹೊಟ್ಟೆ ನೋಡಿ, ಒಳಗೆ ಹೋಗಿದೆ. ಊಟ ಬಿಟ್ಟಿದೆ. ಮನೆಗೆ ತಗೊಂಡು ಹೋಗಿ ಸಾಯಿಸಲೇನು?" ಎಂದಳು. ಕೊನೆಗೆ ಅವಳ ಕಣ್ಣು ನಿಂತದ್ದು ಯಾರೂ ಎರಡನೆಯ ಸಲ ನೋಡದಂಥ ಅಚ್ಚ ಹಳದಿಯ ಒಂದು ಮೀನಿನ ಮೇಲೆ.

"ಇದು ಎಷ್ಟು ಹೊತ್ತಿಗೆ ಮಲಗುತ್ತೆ?" ಎಂದು ಕೇಳಿದಳು.

"ಅದನ್ನ ಯಾರು ನೋಡಿದ್ದಾರೆ ಡಾಕ್ಟ್ರಮ್ಮಾ?" ಎಂದ ಅಂಗಡಿಯವನು. "ನಾನು ವ್ಯಾಪಾರ ಮಾಡ್ಲಾ, ಮೀನಿಗೆ ಜೋಗುಳ ಹಾಡ್ಲಾ? ಮಗಳಿಗೆ ಗಂಡು ಹುಡುಕೋರೂ ಇಷ್ಟು ವಿಚಾರಿಸಲ್ಲ."

"ಅದಕ್ಕೇ ಆಮೇಲೆ ಅಳ್ತಾರೆ," ಎಂದು ಮತ್ತೆ ಎಣಿಕೆಗೆ ಕುಳಿತಳು. ಸಂಜೆಯಾಗುತ್ತ ಬಂದಂತೆ ಅದು ಮೂಗನ್ನು ಕೆಳಗೆ ಮಾಡಿ ನಿದ್ದೆಗೆಂದು ಮರಳಿನೊಳಕ್ಕೆ ನುಗ್ಗಿ ಮರೆಯಾಗುವುದನ್ನು ನೋಡಿದ ಮೇಲೆಯೇ ಎದ್ದದ್ದು.

ಮನೆಯ ತೊಟ್ಟಿಗೆ ಬಿಟ್ಟ ಮೊದಲ ನಿಮಿಷದಲ್ಲೇ ಹಳದಿ ಮೀನು ಮರಳಿಗಿಳಿಯಿತು. ಮರುದಿನ ಏಳಲಿಲ್ಲ. ಮೂರನೆಯ ದಿನವೂ ಇಲ್ಲ. ಇಳಿದ ಜಾಗಕ್ಕೆ ನೇರವಾಗಿ ಗಾಜಿನ ಹೊರಮೈಯಲ್ಲಿ ಅವಳು ಮೇಣದ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಎದುರಿಗೆ ಕುರ್ಚಿ ಹಾಕಿಕೊಂಡಳು. ಐದನೆಯ ದಿನಕ್ಕೆ ತುಕ್ಕಿನ ಪದರ ದೊಡ್ಡ ಹವಳದ ಅರ್ಧವನ್ನು ನುಂಗಿತ್ತು. ಅಂಗಡಿಯವನಿಗೆ ಫೋನ್ ಮಾಡಿದರೆ, "ಸತ್ತಿರುತ್ತೆ, ತೆಗೆದು ಬಿಸಾಕಿ, ನೀರು ಕೆಡುತ್ತೆ," ಎಂದ. ಏಳನೆಯ ದಿನ ನಾನು ಉದ್ದನೆಯ ಚಿಮಟ ಎತ್ತಿಕೊಂಡು ತೋಳು ಮಡಿಚಿದೆ.

"ಒಂದೇ ಒಂದ್ಸಲ ಕೆದಕಿ ನೋಡ್ತೀನಿ."

"ಈಗ ಬೇಡ."

"ಸತ್ತಿದ್ರೆ?"

"ನೀರು ಹೇಳುತ್ತೆ. ದಿನಾ ಕೇಳ್ತಾ ಇದೀನಿ," ಎಂದು ಕಿಟಕಿಯ ಬಳಿ ಸಾಲಾಗಿಟ್ಟ ಗಾಜಿನ ನಳಿಕೆಗಳನ್ನು ತೋರಿಸಿದಳು. ತೊಟ್ಟಿಯ ನೀರಿಗೆ ಪರೀಕ್ಷಾ ದ್ರಾವಣದ ಹನಿ ಹಾಕಿದಾಗ ಅದು ಹಳದಿಯೇ ಉಳಿದರೆ ಕ್ಷೇಮ. ಹಸಿರಿಗೆ ತಿರುಗಿದರೆ ಒಳಗೆಲ್ಲೋ ಏನೋ ಕೊಳೆಯುತ್ತಿದೆ. ಏಳೂ ಹಳದಿಯಾಗಿದ್ದವು.

"ಇಷ್ಟು ನೀರಿಗೆ ಅಷ್ಟು ಚಿಕ್ಕ ಮೀನು ಯಾವ ಲೆಕ್ಕ? ಸತ್ತರೂ ಗೊತ್ತಾಗಲಿಕ್ಕಿಲ್ಲ," ಎಂದೆ. ವಾದದಲ್ಲಿ ನಾನು ಸೋಲುವವಳಲ್ಲ.

"ಇರಬಹುದು. ಸತ್ತಿದ್ರೆ ಕೆದಕಿ ಏನೂ ಸಿಗಲ್ಲ. ಬದುಕಿದ್ರೆ ಕೆದಕಿ ನಾವೇ ಸಾಯಿಸ್ತೀವಿ. ಊರು ಬಿಟ್ಟು ಊರಿಗೆ ಬಂದಿದೆ, ಅದರ ಬೆಳಗು ಇನ್ನೂ ಆಗಿಲ್ಲ. ಕೂತ್ಕೊಳ್ಳಿ ಅಕ್ಕಾ."

ಮೂವತ್ತು ವರ್ಷ ಹೊಟ್ಟೆಗಳನ್ನು ತೆರೆದು ನೋಡಿ ಸಂದೇಹ ಪರಿಹರಿಸಿಕೊಂಡವಳು ಚಿಮಟ ಕೆಳಗಿಟ್ಟು ಕುಳಿತೆ. ಅವಳಲ್ಲಿ ಭರವಸೆಯ ಸುಳಿವೂ ಇರಲಿಲ್ಲ, ಆತಂಕದ್ದೂ ಇರಲಿಲ್ಲ. ದೇವರ ಮೇಲೆ ಭಾರ ಹಾಕಿ ಕಾಯುವವರನ್ನು ಆಸ್ಪತ್ರೆಯ ಹಜಾರಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಯಾರ ಮೇಲೂ ಹಾಕದೆ, ಭಾರವನ್ನೆಲ್ಲ ತಾನೇ ಹೊತ್ತು, ಕೈಕಟ್ಟಿ, ಕಣ್ಣು ತೆರೆದು ಕಾಯುವುದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ. ಇಪ್ಪತ್ತೊಂಬತ್ತು ವರ್ಷ ಅವಳು ಮೇಜಿನ ಆ ತುದಿಯಲ್ಲಿ ಮಾಡುತ್ತಿದ್ದುದು ಇದನ್ನೇ. ನನ್ನ ತಲೆ ಮಾತ್ರ ಬೇರೆ ಕಡೆ ಬಾಗಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಹತ್ತೂವರೆಗೆ ನಾನು ಕಾಫಿ ಕುಡಿಯುತ್ತಿದ್ದೆ. ಅವಳು ಮಾತನಾಡದೆ ಒಂದು ಕೈ ಎತ್ತಿದಳು. ಗೆರೆಯ ಕೆಳಗೆ ಮರಳು ಉಬ್ಬಿತು. ಒಂದು ಹಳದಿ ಮೂಗು ಹೊರಬಂತು, ಬಹಳ ಹೊತ್ತು ಅಷ್ಟೇ ಇತ್ತು. ಆಮೇಲೆ ಇಡೀ ಮೀನು ಮರಳು ಕೊಡವಿಕೊಂಡು ಮೇಲೆದ್ದಿತು. ಅದೇ ಹೊತ್ತಿಗೆ ಕಾವಲುಗಾರ ಬಿಲದ ಬಾಯಿಗೆ ಬಂದ. ಅವನ ಕುರುಡು ಕಣ್ಣು ಹೊಸಬನ ಕಡೆಗಿತ್ತು. ನಾನು ಲೋಟ ಕೆಳಗಿಟ್ಟೆ. ಹಳದಿ ಮೀನು ಒಂದು ಗೇಣು ದೂರದಲ್ಲಿ ನಿಂತಿತು, ನೋಡಿತು, ಸುತ್ತಿಬಳಸಿ ಅವನ ಕಾಣುವ ಕಣ್ಣಿನ ಕಡೆಯಿಂದ ಹಾದು ಹವಳದ ಹತ್ತಿರ ಹೋಗಿ ಒಂದು ಹುಳುವನ್ನು ಕಿತ್ತು ತಿಂದಿತು. ಕಾವಲುಗಾರನ ಬಾಲ ಅದುರಲಿಲ್ಲ. ಸೀಗಡಿ ಮೀಸೆ ತಾಗಿಸಿಕೊಂಡೇ ಹೊರಬಂದು ಒಂದು ರಾಶಿ ಮರಳು ತಳ್ಳಿ ಒಳಗೆ ಹೋಯಿತು.

ಅವಳು ಗಾಜಿಗೆ ಬಾಗಿ, ಎಚ್ಚರಾಗುವ ರೋಗಿಗಳನ್ನು ಮಾತನಾಡಿಸುತ್ತಿದ್ದ ಅದೇ ದನಿಯಲ್ಲಿ, "ಕಣ್ಣು ಬಿಡಿ. ಎಲ್ಲಾ ಆಯ್ತು," ಎಂದಳು.

"ಮೀನಿಗೆ ರೆಪ್ಪೆ ಇರಲ್ಲ," ಎಂದೆ.

"ಗೊತ್ತು," ಎಂದಳು. ಹೆಬ್ಬೆರಳು ಆಗಲೇ ಗೆಣ್ಣುಗಳ ಮೇಲೆ ಹೊರಟಿತ್ತು.

ಕೈ ಹಾಕುವವರ ಹೆಸರು ಫಲಕಗಳ ಮೇಲೆ ಉಳಿಯುತ್ತದೆ. ನನ್ನದೂ ಒಂದೆರಡು ಕಡೆ ಉಂಟು. ಅವಳಂಥವರ ಕೆಲಸ ಚೆನ್ನಾಗಿ ನಡೆದಷ್ಟೂ ಅದರ ಗುರುತು ಉಳಿಯುವುದಿಲ್ಲ. ಅವರ ವಶದಲ್ಲಿದ್ದ ಹೊತ್ತೇ ನಮ್ಮ ನೆನಪಿನಿಂದ ಅಳಿಸಿಹೋಗಿರುತ್ತದೆ, ಆದ್ದರಿಂದ ಕೃತಜ್ಞತೆಗೂ ಅಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಅದನ್ನು ಅವರು ಬಯಸಿದ್ದನ್ನೂ ನಾನು ಕಂಡಿಲ್ಲ. ನಾವೆಲ್ಲ ಒಂದಲ್ಲ ಒಂದು ದಿನ ಅಪರಿಚಿತರ ನಡುವೆ ಕಣ್ಣು ಮುಚ್ಚಬೇಕಾದವರು. ತಲೆಯ ಬಳಿ ಕುಳಿತು, ಅವಸರ ಪಡದೆ, ಎಣಿಕೆ ತಪ್ಪದೆ, ನಮ್ಮ ಬೆಳಗಾಗುವವರೆಗೆ ಕೈ ಕಟ್ಟಿಕೊಂಡಿರಬಲ್ಲವರು ಒಬ್ಬರು ಇದ್ದಾರೆ ಎಂಬುದರಿಂದಲೇ ಮುಚ್ಚುತ್ತೇವೆ.